ಫಿಲೋಮಿನಾ ಹಾಡಿದ ಎರಡನೇ ಭಾಗ

ಸೋಗಾನೆ

ಫಾರಿನ್ನಿಗೆ ಹೋಗಿ ಬಂದವರನ್ನು ಕಂಡರೆ ನಮ್ಮ ಕಾಗದನಗರದವರು ಕೇಳುವುದು ಎರಡೇ ಪ್ರಶ್ನೆ: ಚಳಿ ಹೇಗಿತ್ತು, ಅನ್ನ ಸಿಕ್ತಾ? ಎರಡಕ್ಕೂ ಇಲ್ಲೇ ಉತ್ತರ ಹೇಳಿ ಮುಗಿಸಿಬಿಡುತ್ತೇನೆ. ಚಳಿ ಇರಲಿಲ್ಲ, ಜುಲೈ ತಿಂಗಳು. ಅನ್ನ ಸಿಕ್ಕಿತು, ಆದರೆ ಹಾಲು, ಸಕ್ಕರೆ, ದಾಲ್ಚಿನ್ನಿ ಪುಡಿ ಹಾಕಿ ಸಿಹಿ ಮಾಡಿ ಕೊಟ್ಟರು. ಸಾರು ಕೇಳುವ ಧೈರ್ಯ ನನಗಾಗಲಿಲ್ಲ. ಇಷ್ಟು ಹೇಳಿದ ಮೇಲೆ ಜನ ಎದ್ದು ಹೋಗುತ್ತಾರೆ. ಅಲ್ಲಿಗೆ ಹೋಗಿದ್ದಾದರೂ ಯಾಕೆ ಎಂದು ಕೂತು ಕೇಳಿದವರು ಕಡಿಮೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ ಹೋಗಿದ್ದು ನನ್ನ ಹೆಂಡತಿ ಫಿಲೋಮಿನಾ. ನಾನು ಬ್ಯಾಗ್ ಹೊರಲು ಹೋದವನು. ನನ್ನ ಹೆಸರು ರಾಯಪ್ಪ. ಭದ್ರಾವತಿಯ ಪೇಪರ್ ಮಿಲ್ಲಿನಲ್ಲಿ ಪಾಳಿ ಮೇಲೆ ದುಡಿದು, ಈಗ ಮನೆಯಲ್ಲಿ ಪೇಪರ್ ಓದುತ್ತಾ ಕೂತವನು. ಅವಳು ಪ್ರೈಮರಿ ಶಾಲೆಯ ಟೀಚರ್ ಆಗಿದ್ದವಳು. ಮದುವೆಯಾಗಿ ಬಂದ ವರ್ಷದಿಂದಲೂ ನಮ್ಮ ಚರ್ಚಿನ ಕ್ವಾಯರಿನಲ್ಲಿ ಹಾಡುತ್ತಾ ಬಂದಿದ್ದಾಳೆ. ಆ ಕ್ವಾಯರನ್ನು ಕಟ್ಟಿದವರು ಚಿನ್ನಪ್ಪ ಮಾಸ್ಟರ್. ಈಗ ಇಲ್ಲ. ಹಗಲು ಮಿಲ್ಲಿನ ಟೈಮ್ ಆಫೀಸಿನಲ್ಲಿ ಗುಮಾಸ್ತರು, ಸಂಜೆ ಹಾರ್ಮೋನಿಯಂ ಮುಂದೆ ರಾಜರು. ಯಾವುದೋ ಕಾಲದಲ್ಲಿ ಫಾರಿನ್ ಫಾದರ್ ಒಬ್ಬರು ಬಿಟ್ಟುಹೋಗಿದ್ದ ಹಳೆಯ ಸಂಗೀತದ ಪುಸ್ತಕವೊಂದು ಅವರ ಕೈಗೆ ಸಿಕ್ಕಿತ್ತು. ಬಲಿಪೂಜೆಯ ಲ್ಯಾಟಿನ್ ಪ್ರಾರ್ಥನೆಗಳನ್ನೆಲ್ಲ ವಾದ್ಯಮೇಳಕ್ಕೂ ನೂರಾರು ಗಾಯಕರಿಗೂ ಹೊಂದಿಸಿ ಕಟ್ಟಿದ, ಒಂದೂವರೆ ಗಂಟೆಯ ದೊಡ್ಡ ಹಾಡು ಅದು. ಮಾಸ್ಟರ್ ಅದನ್ನು ಕನ್ನಡ ಅಕ್ಷರದಲ್ಲಿ, ಸರಿಗಮದಲ್ಲಿ, ಒಂದು ರಟ್ಟಿನ ನೋಟ್‌ಬುಕ್ಕಿಗೆ ಇಳಿಸಿದ್ದರು. ಪ್ರತಿ ಕ್ರಿಸ್ಮಸ್ಸಿಗೆ, ಈಸ್ಟರಿಗೆ ಅದರ ಒಂದೊಂದು ತುಂಡನ್ನು ನಮ್ಮ ಕ್ವಾಯರ್ ಹಾಡುತ್ತಿತ್ತು. ಎತ್ತರದ ದನಿಯ ಹೆಣ್ಣುಮಕ್ಕಳಿಗೆ ಒಂದನೇ ಭಾಗ, ಫಿಲೋಮಿನಾಳಂಥ ತಗ್ಗು ದನಿಯವರಿಗೆ ಎರಡನೇ ಭಾಗ. ಕೆಳಗಿನ ದನಿಯನ್ನು ಮಾಸ್ಟರೇ ಹಾಡಿಕೊಳ್ಳುತ್ತಿದ್ದರು.

ನಮ್ಮ ಊರಿನ ಹುಡುಗಿ ಸಿಸ್ಟರ್ ಲೂಸಿ, ಆಸ್ಟ್ರಿಯಾದ ಲಿಂಟ್ಸ್ ಎಂಬ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅಲ್ಲಿ ಬೇಸಿಗೆಯಲ್ಲಿ ಒಂದು ಪದ್ಧತಿ. ದೇಶದೇಶಗಳಿಂದ ಹಾಡುವವರನ್ನು ಕರೆಸಿ, ಒಂದು ವಾರ ಅಭ್ಯಾಸ ಮಾಡಿಸಿ, ಭಾನುವಾರ ಊರಿನ ದೊಡ್ಡ ಚರ್ಚಿನಲ್ಲಿ ಇಂಥ ಒಂದು ಸಂಗೀತವನ್ನು ಹಾಡಿಸುತ್ತಾರೆ. ಈ ವರ್ಷ ಆರಿಸಿದ್ದು ಮಾಸ್ಟರ್ ನೋಟ್‌ಬುಕ್ಕಿನ ಹಾಡನ್ನೇ. ಸಿಸ್ಟರ್ ಫೋನ್ ಮಾಡಿ, "ಆಂಟಿ, ಅರ್ಜಿ ಹಾಕ್ತೀನಿ. ನಿಮ್ದು ಯಾವ ದನಿ?" ಎಂದು ಕೇಳಿದಳು. "ಎರಡನೇ ಭಾಗ ಕಣಮ್ಮಾ" ಎಂದಳು ಇವಳು. ಹೆಂಗಸರ ಎರಡನೇ ದನಿಗೆ ಅಲ್ಲಿ ಆಲ್ಟೊ ಎನ್ನುತ್ತಾರೆ. ಸಿಸ್ಟರ್ ಹಾಗೇ ತುಂಬಿದಳು.

ಇವಳು ನನ್ನ ಫೋನಿನಲ್ಲಿ ಆ ಸಂಗೀತದ ರೆಕಾರ್ಡಿಂಗ್ ಹಾಕಿಸಿಕೊಂಡು ಎರಡು ದಿನ ಕಿವಿಗೊಟ್ಟು ಕೂತಳು. ಮೂರನೇ ದಿನ, "ಸಿಕ್ತು ರೀ! ಅಷ್ಟು ಜನರ ಮಧ್ಯೆ ನನ್ನ ಸಾಲು ಕೇಳಿಸ್ತು. ಒಂದು ಸ್ವರ ಆಚೀಚೆ ಇಲ್ಲ" ಎಂದು ಹಿಗ್ಗಿದಳು. ಮತ್ತೆ ಅದರ ತಂಟೆಗೆ ಹೋಗಲಿಲ್ಲ.

ವೇದಿಕೆಗೆ ಎಲ್ಲರೂ ಕಪ್ಪು ಉಡಬೇಕಂತೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ನಾವು ಯಾವಾಗಲೂ ಬಟ್ಟೆ ಕೊಳ್ಳುವ ರಹಮತ್ ಸಾಹೇಬರ ಅಂಗಡಿಗೆ ಹೋದೆವು. ಅಚ್ಚ ಕಪ್ಪು ಸೀರೆ ಎಂದೊಡನೆ ಅವರ ಮುಖ ಬಾಡಿತು.

"ಅಕ್ಕಾ, ಸಫರ್‌ಗೆ ಹೊರಟೋರು ಯಾರಾದ್ರೂ ಕಪ್ಪು ತಗೊಳ್ತಾರಾ? ಹಸಿರು ನೋಡಿ, ಗುಲಾಬಿ ನೋಡಿ."

"ಅಲ್ಲಿ ಎಲ್ರೂ ಕಪ್ಪೇ ಅಂತೆ ಸಾಹೇಬ್ರೇ."

"ಹಾಡೋಕೆ ಹೋಗ್ತಿದ್ದೀರೋ, ಯಾರದಾದ್ರೂ ಮಣ್ಣಿಗೆ, ಮಯ್ಯತ್‌ಗೆ ಹೋಗ್ತಿದ್ದೀರೋ!" ಎಂದು ಗೊಣಗುತ್ತಲೇ ಮೂಲೆಯ ಕಟ್ಟಿನಿಂದ ಒಂದು ಸೀರೆ ತೆಗೆದರು. ಅದಕ್ಕೆ ಕಿರುಬೆರಳಗಲದ ಕೆಂಪು ಅಂಚಿತ್ತು. "ಇಷ್ಟಾದ್ರೂ ಇರ್ಲಿ, ಒಳಗೆ ಮಡಚಿಕೊಳ್ಳಿ" ಎಂದು ಕೊಟ್ಟು ಕಳಿಸಿದರು.

ಶಿವಮೊಗ್ಗ ಹತ್ತಿರದ ಸೋಗಾನೆಯ ಏರ್‌ಪೋರ್ಟಿನಲ್ಲಿ ಸೆಕ್ಯುರಿಟಿ ಹುಡುಗಿ ಫಿಲೋಮಿನಾಳ ಕೈಚೀಲದಿಂದ ಮಾಸ್ಟರ್ ನೋಟ್‌ಬುಕ್ ತೆಗೆದು ಪುಟ ತಿರುವಿದಳು. ಪುಟದ ತುಂಬಾ ಸ, ರಿ, ಗ, ಗೆರೆ, ಚುಕ್ಕಿ, ಅಲ್ಲಲ್ಲಿ ಉಸಿರು ತೆಗೆದುಕೊಳ್ಳುವ ಜಾಗಕ್ಕೆ ಒಂದು 'ಉ'. "ಏನಮ್ಮಾ ಇದು, ಲೆಕ್ಕಾನಾ?" ಎಂದಳು. ಇವಳು ಅಲ್ಲೇ, ಬೆಲ್ಟು ಬಿಚ್ಚಿ ನಿಂತ ಹತ್ತು ಗಂಡಸರ ಮುಂದೆ, ಒಂದು ಸಾಲು ಹಾಡಿಯೇಬಿಟ್ಟಳು. ಹುಡುಗಿ ನೋಟ್‌ಬುಕ್ಕನ್ನು ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟಳು. ನಾನು ಮಾತ್ರ ಇವಳು ಯಾರೋ ನನಗೆ ಗೊತ್ತಿಲ್ಲವೆಂಬಂತೆ ಬೆಲ್ಟು ಹಾಕಿಕೊಳ್ಳುತ್ತಿದ್ದೆ.

ಲಿಂಟ್ಸ್, ಮೊದಲ ದಿನ

ಬೆಂಗಳೂರು ದಾಟಿ, ವಿಯೆನ್ನಾ ದಾಟಿ, ರೈಲಿನಲ್ಲಿ ಲಿಂಟ್ಸ್ ಮುಟ್ಟಿದಾಗ ಕಿಟಕಿಯಾಚೆ ಮೊದಲು ಕಂಡದ್ದು ಕಾರ್ಖಾನೆಯ ಚಿಮಣಿಗಳು. "ಅಯ್ಯೋ, ಇಷ್ಟು ದೂರ ಬಂದು ಮತ್ತೆ ಭದ್ರಾವತಿಗೇ ಇಳಿದ್ವಲ್ಲ ಮಾರಾಯ್ತಿ" ಎಂದೆ. ಉಕ್ಕಿನ ಊರಂತೆ ಅದು. ನಮ್ಮಲ್ಲಿ ಭದ್ರಾ ಹರಿದರೆ ಅಲ್ಲಿ ಡ್ಯಾನ್ಯೂಬ್. ಫಿಲೋಮಿನಾಳಿಗೆ ಊರು ಆ ಕ್ಷಣಕ್ಕೇ ಇಷ್ಟವಾಯಿತು.

ನಮಗೆ ಇಳಿದುಕೊಳ್ಳಲು ಸಿಸ್ಟರ್ ಲೂಸಿಯ ಕಾನ್ವೆಂಟಿನಲ್ಲಿ ಮೂರನೇ ಮಹಡಿಯ ಕೋಣೆ. ಅಲ್ಲಿನ ಬಾಗಿಲುಗಳಿಗೆ ಒಂದು ಕೆಟ್ಟ ಬುದ್ಧಿ: ಹೊರಗೆ ಕಾಲಿಟ್ಟರೆ ತಾವೇ ಬೀಗ ಹಾಕಿಕೊಳ್ಳುತ್ತವೆ. ಸ್ನಾನದ ಕೋಣೆ ಎಲ್ಲಿದೆ ಎಂದು ಇಣುಕಲು ಲುಂಗಿ, ಬನಿಯನ್ನಿನಲ್ಲಿ ಹೊರಬಂದೆ, ಹಿಂದೆ ಬಾಗಿಲು ಕಟ್ ಎಂದಿತು. ಒಳಗೆ ಇವಳು ಗೊರಕೆ ಹೊಡೆಯುತ್ತಿದ್ದಳು. ಇಪ್ಪತ್ತು ನಿಮಿಷ ಕಾರಿಡಾರಿನಲ್ಲಿ ನಿಂತೆ. ಎದುರಿನಿಂದ ಒಬ್ಬೊಬ್ಬರಾಗಿ ಸಿಸ್ಟರುಗಳು ಬಂದರು. ಪ್ರತಿಯೊಬ್ಬರೂ ನನ್ನ ಲುಂಗಿಯನ್ನು ನೋಡದೆ, ಮುಖವನ್ನಷ್ಟೇ ನೋಡಿ, "ಗ್ರೂಸ್ ಗಾಟ್" ಎಂದು ವಂದಿಸಿ ಮುಂದೆ ಹೋದರು. ಅದರಲ್ಲಿ ದೇವರ ಹೆಸರಿದೆಯೆಂದು ಆಮೇಲೆ ಗೊತ್ತಾಯಿತು. ಆ ಹೊತ್ತಿಗೆ ನನಗೂ ದೇವರೇ ಬೇಕಾಗಿತ್ತು.

ಇನ್ನೊಂದು ಸೋಜಿಗ ಅವರು ರಸ್ತೆ ದಾಟುವ ಬಗೆ. ಎರಡೂ ಕಡೆ ಒಂದು ಸೈಕಲ್ಲೂ ಇಲ್ಲ, ಆದರೂ ಕೆಂಪು ದೀಪವಿದ್ದರೆ ಮುದುಕರು, ಮಕ್ಕಳು, ನಾಯಿ ಹಿಡಿದವರು ಎಲ್ಲ ಸುಮ್ಮನೆ ನಿಲ್ಲುತ್ತಾರೆ. ನಾನು ನಮ್ಮೂರ ಬಿ.ಎಚ್. ರಸ್ತೆಯ ಅಭ್ಯಾಸದಲ್ಲಿ ಕೈ ಅಡ್ಡ ಹಿಡಿದುಕೊಂಡು ನಡೆದುಬಿಟ್ಟೆ. ಆಚೆ ದಡ ಸೇರಿ ತಿರುಗಿ ನೋಡಿದರೆ ಫಿಲೋಮಿನಾ ಅವರ ಜೊತೆ ಸಾಲಾಗಿ ನಿಂತು, ಶಾಲೆ ತಪ್ಪಿಸಿದ ಹುಡುಗನನ್ನು ನೋಡುವಂತೆ ನನ್ನನ್ನು ನೋಡುತ್ತಿದ್ದಳು.

ಎರಡನೇ ದಿನ, ಅಭ್ಯಾಸ

ಅಭ್ಯಾಸ ನಡೆಯುತ್ತಿದ್ದುದು ಹಳೆಯ ಶಾಲೆಯೊಂದರ ಸಭಾಂಗಣದಲ್ಲಿ. ಸುಮಾರು ನೂರೈವತ್ತು ಜನ. ಜೊತೆಗೆ ಬಂದವರಿಗೆ ಹಿಂದೆ ಬೆಂಚು ಹಾಕಿದ್ದರು, ಅಲ್ಲಿ ಕೂತೆ. ಆಗಲೇ ನನಗೆ ತಿಳಿದದ್ದು: ಇಂಥ ಹಾಡು ನಾಲ್ಕು ಸಾಲಾಗಿ ನಡೆಯುತ್ತದೆ. ಹೆಂಗಸರ ಎತ್ತರದ ದನಿ ಸೊಪ್ರಾನೊ, ತಗ್ಗಿನದು ಆಲ್ಟೊ. ಗಂಡಸರ ಎತ್ತರದ ದನಿ ಟೆನರ್, ತಗ್ಗಿನದು ಬೇಸ್. ನಾಲ್ಕು ಗುಂಪೂ ಬೇರೆ ಬೇರೆ ಕೂರುತ್ತವೆ. ಸೊಪ್ರಾನೊ ಹೆಂಗಸರು ಜಾತ್ರೆಗೆ ಬಂದಷ್ಟಿದ್ದರು. ಟೆನರ್ ಗಂಡಸರು ಎಣಿಸಿದರೆ ಹನ್ನೊಂದು.

ಹಾಡು ನಡೆಸುವವರು ನಲವತ್ತರ ಆಸುಪಾಸಿನ ಒಬ್ಬ ಹೆಂಗಸು. ಅಂಗಿಯ ತೋಳು ಮಡಚಿಕೊಂಡು, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ನಿಂತಿದ್ದಳು. ಅದನ್ನು ನೋಡಿ ಫಿಲೋಮಿನಾಳೂ ಚಪ್ಪಲಿ ಬಿಟ್ಟಳು. ಕೈಗೆ ಅಚ್ಚಿನ ಪುಸ್ತಕ ಕೊಟ್ಟಿದ್ದರು. ಅದರ ಗೆರೆ, ಗುಂಡು ಯಾವುದೂ ಇವಳಿಗೆ ಓದಲು ಬಾರದು, ಆದರೆ ಮಾತುಗಳು ಬಾಯಿಪಾಠ. ಹಾಡು ಎದ್ದಿತು. ಮಾರಾಯರೇ, ಆ ಸದ್ದನ್ನು ಏನೆಂದು ಹೇಳಲಿ! ನಮ್ಮ ಹಾರ್ಮೋನಿಯಂ ಮೇಲೆ ಮೂವತ್ತು ವರ್ಷ ಕೇಳಿದ ಅದೇ ಹಾಡು, ಈಗ ನೆಲದಿಂದ ಬೆಂಚಿನೊಳಗೆ, ಬೆಂಚಿನಿಂದ ನನ್ನ ಬೆನ್ನೊಳಗೆ ಬಂತು.

ಅರ್ಧದಲ್ಲಿ ಆ ಹೆಂಗಸು ಕೈಯೆತ್ತಿ ನಿಲ್ಲಿಸಿದಳು. ಆಲ್ಟೊಗಳು ಮಾತ್ರ ಹಾಡಿ ಎಂದಳು. ಹಾಡಿದರು. ತಲೆ ಓರೆ ಮಾಡಿ ಕೇಳಿ, ಹಿಂದಿನ ಎರಡು ಸಾಲು ಮಾತ್ರ ಎಂದಳು. ಆಮೇಲೆ ಹಿಂದಿನ ಸಾಲಿನ ನಾಲ್ಕು ಜನ. ಆಮೇಲೆ ಮೆಲ್ಲಗೆ, ನಗುನಗುತ್ತಲೇ, ಇಂಗ್ಲಿಷಿನಲ್ಲಿ ಫಿಲೋಮಿನಾಳಿಗೆ, ನೀವೊಬ್ಬರೇ ಹಾಡುತ್ತೀರಾ ಎಂದಳು.

ಇವಳು ಎದ್ದು ನಿಂತು ಹಾಡಿದಳು. ಹೆದರಲಿಲ್ಲ, ಯಾಕೆ ಹೆದರಬೇಕು, ಮಾಸ್ಟರ್ ಕಲಿಸಿದ್ದು! ನಾಲ್ಕು ಸ್ವರ ಆಗಿರಬೇಕು, ಹಿಂದೆ ಟೆನರ್ ಗುಂಪಿನಿಂದ ಬಿಳಿ ಮೀಸೆಯ ಒಬ್ಬ ಮುದುಕ ದಡಕ್ಕನೆ ಎದ್ದು ಅದೇ ಸಾಲನ್ನು ಅವಳ ಜೊತೆ ಹಾಡತೊಡಗಿದ. ಅವನ ಪಕ್ಕದವನೂ ಸೇರಿದ. ಹಾಡು ನಿಂತಾಗ ಮುದುಕ ಪುಸ್ತಕ ಎತ್ತಿ ತೋರಿಸಿ ಏನೋ ಹೇಳಿದ, ಸಭಾಂಗಣ ಗೊಳ್ಳೆಂದಿತು. ಕೆಟ್ಟ ನಗುವಲ್ಲ ಅದು. ಕೈತಟ್ಟಿದವರೂ ಇದ್ದರು.

ನನ್ನ ಪಕ್ಕದಲ್ಲಿದ್ದ ಸಿಸ್ಟರ್ ಲೂಸಿ ಬಾಯಿ ಮುಚ್ಚಿಕೊಂಡಳು. "ಅಂಕಲ್, ಆಂಟಿ ಹಾಡ್ತಿರೋದು ಆಲ್ಟೊ ಅಲ್ಲ. ಟೆನರ್. ಗಂಡಸ್ರ ಸಾಲು."

ನಡೆಸುವ ಹೆಂಗಸು ಇಳಿದು ಬಂದು ಇವಳ ಎರಡೂ ಕೈ ಹಿಡಿದು, ನಮಗೆ ಟೆನರುಗಳೇ ಇಲ್ಲ, ದಯವಿಟ್ಟು ಹೋಗಿ ಅವರ ಜೊತೆ ಕೂತುಕೊಳ್ಳಿ ಎಂದು ಕೇಳಿಕೊಂಡಳು. ಫಿಲೋಮಿನಾ ಪುಸ್ತಕ ಮುಚ್ಚಿ ಕುರ್ಚಿಯ ಮೇಲಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದಳು.

ಕೋಣೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದಳು. ನಾನು ಸಮಾಧಾನ ಹೇಳಲು ಹೋದೆ.

"ಗಂಡಸ್ರ ಮಧ್ಯೆ ನಿಂತು ಹಾಡೋಕೆ ಸಮುದ್ರ ದಾಟಿ ಬಂದ್ನಾ ನಾನು? ಅದು ಹೋಗ್ಲಿ ಅಂದ್ಕೊಳ್ಳಿ. ಮಾಸ್ಟರ್ ನಂಗ್ಯಾಕೆ ಹೇಳ್ಲಿಲ್ಲ? ಇದು ನಿನ್ನ ಸಾಲಲ್ಲ ಅಂತ ಒಂದು ಮಾತು ಹೇಳ್ಬೋದಿತ್ತಲ್ಲ? ಮೂವತ್ತು ವರ್ಷ ಎದೆ ಮೇಲೆ ಕೈ ಇಟ್ಕೊಂಡು ಹಾಡಿದ್ದೀನಿ, ನಂದು ನಂದು ಅಂತ."

"ಏನೋ ಮಾರಾಯ್ತಿ, ಹಾಡು ಹಾಡೇ ತಾನೆ?"

"ಭಾನುವಾರ ನಿಮ್ಮ ಪಕ್ಕ ಕೂತು ಕೇಳ್ತೀನಿ. ನಾನು ಹಾಡಲ್ಲ" ಎಂದಳು. ಫಿಲೋಮಿನಾ ಒಂದು ಸಲ ಇಲ್ಲ ಎಂದರೆ ಇಲ್ಲವೇ.

ಮೂರನೇ ದಿನ, ಫ್ರಾಂಟ್ಸ್ ಮತ್ತು ನದಿ ದಂಡೆ

ಬೆಳಿಗ್ಗೆ ಇವಳು ಏಳಲೇ ಇಲ್ಲ. ಬರಲಾಗುವುದಿಲ್ಲವೆಂದು ಹೇಳಿಬರಲು ಸಿಸ್ಟರ್ ಜೊತೆ ನಾನೊಬ್ಬನೇ ಹೋದೆ. ಅಭ್ಯಾಸ ಇನ್ನೂ ಶುರುವಾಗಿರಲಿಲ್ಲ. ಆ ಬಿಳಿ ಮೀಸೆಯ ಮುದುಕ ಮೆಟ್ಟಿಲ ಮೇಲೆ ಬ್ರೆಡ್ ತಿನ್ನುತ್ತಾ ಕೂತಿದ್ದ. ಹೆಸರು ಫ್ರಾಂಟ್ಸ್. ನನ್ನನ್ನು ಕಂಡೊಡನೆ ಎದ್ದು, ಎಲ್ಲಿ ಅವರು, ಎಲ್ಲಿ ನಮ್ಮ ಟೆನರ್ ಎಂದು ಕೇಳಿದ. ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದ. ಸಿಸ್ಟರ್ ಇಬ್ಬರ ಮಾತನ್ನೂ ದಾಟಿಸಿದಳು.

ಅವನು ಉಕ್ಕಿನ ಕಾರ್ಖಾನೆಯಲ್ಲಿ ಮೂರು ಪಾಳಿಯಲ್ಲಿ ದುಡಿದು ರಿಟೈರ್ ಆದವನಂತೆ. ನಾನೂ ಪಾಳಿಯವನೇ ಎಂದೆ. ಕೈಕುಲುಕಿಕೊಂಡೆವು. ಇವಳು ಗಂಡಸರ ಸಾಲು ಹೇಗೆ ಕಲಿತಳು ಎಂದು ಅವನು ಕೇಳಿದ. ನನ್ನ ಬಾಯಿಂದ ಸಲೀಸಾಗಿ ಬಂತು: "ನಮ್ಮೂರ ಗಂಡಸರಿಗೆಲ್ಲ ಶಿಫ್ಟ್ ಅಲ್ವಾ, ಪ್ರಾಕ್ಟೀಸಿಗೆ ಹೋಗೋಕೆ ಆಗ್ತಿರ್ಲಿಲ್ಲ."

ಫ್ರಾಂಟ್ಸ್ ಹುಬ್ಬು ಮೇಲೇರಿಸಿದ. ನನಗೂ ಶಿಫ್ಟ್ ಇತ್ತು, ಮೂರು ವಾರಕ್ಕೊಮ್ಮೆ ಅಡ್ಡ ಬರುತ್ತಿತ್ತು, ಆ ವಾರ ಯಾರ ಹತ್ತಿರವಾದರೂ ಬದಲಾಯಿಸಿಕೊಳ್ಳುತ್ತಿದ್ದೆ, ನಿಮ್ಮಲ್ಲಿ ಹಾಗೆ ಬದಲಾಯಿಸಿಕೊಳ್ಳಲು ಬಿಡುತ್ತಿರಲಿಲ್ಲವೇ ಎಂದ. ಪಾಪ, ಅವನು ಕೇಳಿದ್ದು ತಿಳಿದುಕೊಳ್ಳಲಿಕ್ಕೆ. ನಾನು ಅಲ್ಲಿಂದ ಹೊರಟುಬಂದೆ.

ಬಿಡುತ್ತಿದ್ದರು. ಎಷ್ಟು ಬೇಕಾದರೂ ಬಿಡುತ್ತಿದ್ದರು. ಸಿನಿಮಾಕ್ಕೆ ಬದಲಾಯಿಸಿಕೊಂಡಿದ್ದೇನೆ, ಕ್ರಿಕೆಟ್ ಮ್ಯಾಚಿಗೆ ಬದಲಾಯಿಸಿಕೊಂಡಿದ್ದೇನೆ.

ಮಧ್ಯಾಹ್ನ ಇವಳನ್ನು ಬಲವಂತ ಮಾಡಿ ಡ್ಯಾನ್ಯೂಬ್ ದಂಡೆಗೆ ಕರೆದುಕೊಂಡು ಹೋದೆ. ನಮ್ಮಲ್ಲಿ ಅಜ್ಜಿಯರೆಂದು ಕೂರಿಸುವ ವಯಸ್ಸಿನ ಹೆಂಗಸರು ಅಲ್ಲಿ ಈಜುವ ಬಟ್ಟೆಯಲ್ಲಿ ಹುಲ್ಲಿನ ಮೇಲೆ ಬಿದ್ದುಕೊಂಡಿದ್ದರು. ಬೇರೆ ದಿನವಾಗಿದ್ದರೆ ನನ್ನ ತೊಡೆ ಚಿವುಟಿ, "ಆ ಕಡೆ ನೋಡಿ" ಎನ್ನುತ್ತಿದ್ದಳು. ಅವತ್ತು ನೀರನ್ನೇ ನೋಡುತ್ತಾ ಕೂತಳು. ಹೇಳದಿದ್ದರೆ ಇವಳು ಸತ್ತ ಮಾಸ್ಟರನ್ನು ಸುಳ್ಳುಗಾರರೆಂದು ನಂಬಿಕೊಂಡೇ ಊರಿಗೆ ಹೋಗುತ್ತಾಳೆ, ಆಮೇಲೆ ಹಾಡುವುದನ್ನೇ ಬಿಡುತ್ತಾಳೆ. ನನಗೆ ಭಯವಾಯಿತು.

"ಫಿಲೋ, ಮಾಸ್ಟರ್ ನಿಂಗೆ ಮೋಸ ಮಾಡ್ಲಿಲ್ಲ. ಮಾಡಿದ್ದು ನಾನು" ಎಂದೆ.

ಅವಳು ತಿರುಗಿದಳು.

"ನಮ್ಮ ಮದುವೆಯಾದ ಹೊಸದ್ರಲ್ಲಿ ಮಾಸ್ಟರ್ ಮೂರು ಸಲ ನನ್ನ ಹತ್ರ ಬಂದಿದ್ರು. ರಾಯಪ್ಪಾ, ಪೂಜೆಲಿ ನಿನ್ನ ದನಿ ಕೇಳಿದ್ದೀನಿ, ಗಂಡಸ್ರ ಸಾಲು ಪೂರ್ತಿ ಖಾಲಿ ಇದೆ, ನೀನೊಬ್ಬ ಬಂದ್ರೆ ಇನ್ನು ನಾಲ್ಕು ಜನ ಬರ್ತಾರೆ ಅಂದ್ರು. ನಾನು, ಸೆಕೆಂಡ್ ಶಿಫ್ಟ್ ಮಾಸ್ಟರ್, ಸಂಜೆ ಆಗಲ್ಲ ಅಂದೆ. ಮೂರು ಸಲಾನೂ ಅದೇ ಅಂದೆ."

"ಇತ್ತಲ್ಲ ಸೆಕೆಂಡ್ ಶಿಫ್ಟ್?"

"ಮೂರು ವಾರಕ್ಕೊಂದು ವಾರ ಇತ್ತು. ಮಿಕ್ಕ ಎರಡು ವಾರ ಸಂಜೆ ಕ್ಲಬ್ಬಲ್ಲಿ ಕ್ಯಾರಂ ಆಡ್ತಿದ್ದೆ. ಹೆಂಡ್ತಿ ಹಿಂದೆ ಹಾಡೋಕೆ ಹೋಗ್ತಾನೆ ಅಂತ ಅವ್ರೆಲ್ಲ ಆಡ್ಕೊಳ್ತಾರೆ ಅಂತ ನಾಚಿಕೆ."

"ಮಾಸ್ಟರ್‌ಗೆ ಗೊತ್ತಿರ್ಲಿಲ್ವಾ?"

"ಟೈಮ್ ಆಫೀಸಲ್ಲಿ ನಮ್ಮ ಶಿಫ್ಟ್ ಪಟ್ಟಿ ಬರೀತಿದ್ದೋರೇ ಅವ್ರಲ್ವಾ ಫಿಲೋ. ಆಗ್ಲಿ ಬಿಡಪ್ಪಾ ಅಂದ್ರು, ಅಷ್ಟೇ."

ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಫಸ್ಟ್ ಶಿಫ್ಟ್ ವಾರ ನೀವು ಸುಸ್ತಾಗಿ ಮನೇಲಿ ಮಲಗಿರ್ತೀರ ಅಂದ್ಕೊಂಡಿದ್ದೆ ನಾನು," ಎಂದಳು ಕೊನೆಗೆ. "ನಿಮ್ಮ ನಿದ್ದೆ ಕೆಡಬಾರ್ದು ಅಂತ ಮಗೂನ ಸೊಂಟದ ಮೇಲೆ ಕೂರಿಸ್ಕೊಂಡು ಪ್ರಾಕ್ಟೀಸಿಗೆ ಹೋಗ್ತಿದ್ದೆ. ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಪುಸ್ತಕ. ನಿಮ್ಮ ಸಾಲು ಹಾಡ್ತಿದ್ದೆ. ನೀವು ಕ್ಯಾರಂ."

ನನ್ನ ಕಣ್ಣಲ್ಲಿ ನೀರು ಬಂತು. ಅರವತ್ತೈದರ ಗಂಡಸು, ಪರದೇಶದ ನದಿ ದಂಡೆಯಲ್ಲಿ ಅತ್ತೆ. ಅವಳು ನನ್ನ ಕಣ್ಣು ಒರೆಸಲಿಲ್ಲ, ಈ ಕಡೆ ನೋಡಲೂ ಇಲ್ಲ.

"ಮಾಸ್ಟರ್ ಒಂದು ಮಾತು ಹೇಳ್ತಿದ್ರು," ಎಂದಳು ತನಗೆ ತಾನೇ ಎಂಬಂತೆ. "ಈ ಸಾಲು ಇಲ್ದಿದ್ರೆ ಹಾಡು ನಿಲ್ಲಲ್ಲ ಫಿಲೋಮಿನಾ, ಇದನ್ನ ಬಿಟ್ಟುಕೊಡಬೇಡ ಅಂತ. ಸುಮ್ನೆ ಹುರಿದುಂಬಿಸೋಕೆ ಹೇಳ್ತಾರೆ ಅಂದ್ಕೊಂಡಿದ್ದೆ." ಆಮೇಲೆ ಎದ್ದು ಸೀರೆ ಕೊಡವಿಕೊಂಡಳು. "ನಾಳೆ ಹೋಗ್ತೀನಿ. ಟೆನರ್ ಜೊತೇನೇ ಕೂರ್ತೀನಿ. ನೀವು ಮಾತ್ರ ನನ್ನ ಹತ್ರ ಮಾತಾಡ್ಬೇಡಿ."

ಅವಳ ಹಿಂದೆ ನಡೆದೆ. ಪಕ್ಕ ನಡೆಯುವ ಯೋಗ್ಯತೆ ನನಗೆ ಇರಲೂ ಇಲ್ಲ.

ನಾಲ್ಕನೇ ದಿನದಿಂದ ಶನಿವಾರದವರೆಗೆ

ಅವಳು ಒಳಗೆ ಬಂದಾಗ ಹನ್ನೊಂದು ಗಂಡಸರೂ ಎದ್ದು ನಿಂತರು. ಫ್ರಾಂಟ್ಸ್ ತನ್ನ ಪಕ್ಕದ ಕುರ್ಚಿ ಎಳೆದುಕೊಟ್ಟ. ಟೆನರುಗಳ ಜಾಗ ಆಲ್ಟೊ ಹೆಂಗಸರ ಬೆನ್ನ ಹಿಂದೆಯೇ. ಅವರೂ ತಿರುಗಿ ಕೈಬೀಸಿದರು. ಇವಳು ತೊಡೆಯ ಮೇಲೆ ಮಾಸ್ಟರ್ ನೋಟ್‌ಬುಕ್ ಬಿಚ್ಚಿಟ್ಟು ಕೂತಳು.

ಹಾಡಿನ ನಡುವೆ ಒಂದು ಕಡೆ ಮೂರೂ ದನಿ ಸುಮ್ಮನಾಗಿ ಟೆನರ್ ಮಾತ್ರ ಮೊದಲು ಹೊರಡಬೇಕು, ಮಿಕ್ಕವರು ಅದರ ಹಿಂದೆ ಒಬ್ಬರಾದ ಮೇಲೊಬ್ಬರು ಬರುತ್ತಾರೆ. ಎರಡು ದಿನದಿಂದ ಆ ಗಂಡಸರು ಅಲ್ಲಿ ಎಡವುತ್ತಿದ್ದರಂತೆ. ಒಬ್ಬ ಮುಂಚೆ, ಒಬ್ಬ ತಡ. ಅವತ್ತು ಆ ಜಾಗ ಬಂತು. ಫಿಲೋಮಿನಾ ಬೆರಳ ತುದಿಯಲ್ಲಿ ತೊಡೆ ಮೇಲೆ ತಾಳ ಹಾಕುತ್ತಿದ್ದವಳು ಮಾಸ್ಟರ್ ಬರೆದ 'ಉ' ಬಂದೊಡನೆ ಉಸಿರೆಳೆದು, ಸರಿಯಾದ ಕ್ಷಣಕ್ಕೆ ಹೊರಟಳು. ಹನ್ನೊಂದು ಜನರೂ ಅವಳ ಬೆನ್ನು ಹಿಡಿದು ಬಂದರು. ನಡೆಸುವ ಹೆಂಗಸು ಕೈಯಾಡಿಸುತ್ತಲೇ ಕಣ್ಣರಳಿಸಿ ನಕ್ಕಳು. ಶುಕ್ರವಾರದ ಹೊತ್ತಿಗೆ ಫ್ರಾಂಟ್ಸ್ ತನ್ನ ಅಚ್ಚಿನ ಪುಸ್ತಕದ ತುಂಬಾ ಪೆನ್ಸಿಲ್ಲಿನಲ್ಲಿ ಕನ್ನಡದ 'ಉ' ಬರೆದುಕೊಂಡಿದ್ದ. ಸ್ವಲ್ಪ ಸೊಟ್ಟಗಿತ್ತು. ಇವಳು ಟೀಚರಲ್ಲವೇ, ತಿದ್ದಿಸಿದಳು.

ಅವಳ ಚೀಲದ ಜ್ಯೇಷ್ಠಮಧುವಿನ ಕಡ್ಡಿ ಹನ್ನೊಂದು ಗಂಡಸರ ಬಾಯಿಗೂ ಹೋಯಿತು. ಎಲ್ಲರೂ ಊದುಕೊಳವೆಯ ಹಾಗೆ ಹಿಡಿದು ಜಗಿಯುತ್ತಾ ಕೂತಿರುತ್ತಿದ್ದರು. ಅವಳು ಅವರ ಜೊತೆ ಹರುಕುಮುರುಕು ಇಂಗ್ಲಿಷಿನಲ್ಲಿ ನಗುನಗುತ್ತಾ ಮಾತಾಡುತ್ತಿದ್ದಳು. ಕೋಣೆಗೆ ಬಂದರೆ ನನಗೆ ಮೌನ. "ಟವೆಲ್ ಅಲ್ಲಿದೆ", "ಕಿಟಕಿ ಹಾಕಿ", ಅಷ್ಟೇ. ನಾನು ಮೂರು ದಿನ ಬೆಂಚಿನಲ್ಲಿ ಕೂತು ಟೆನರ್ ಸಾಲನ್ನೊಂದನ್ನೇ ಕಿವಿಯಲ್ಲಿ ಹಿಡಿದು ಕೇಳಿದೆ. ಮನೆಯಲ್ಲಿ ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಅವಳು ಗುನುಗುತ್ತಿದ್ದುದೆಲ್ಲ ಇದೇ. ನನಗೆ ಅಷ್ಟೂ ಗೊತ್ತಿತ್ತು. ಗೊತ್ತಿದೆ ಎಂಬುದೇ ಗೊತ್ತಿರಲಿಲ್ಲ.

ಭಾನುವಾರ

ಕಾರ್ಯಕ್ರಮ ಸಂಜೆ ನಾಲ್ಕಕ್ಕೆ. ನಮ್ಮ ಚರ್ಚಿನಂಥ ಹತ್ತನ್ನು ಒಳಗಿಟ್ಟರೂ ಜಾಗ ಉಳಿಯುವಂಥ ಚರ್ಚು. ಪಿಟೀಲಿನವರೇ ಮೂವತ್ತು ಜನ, ಕಹಳೆ, ಕೊಳಲು, ಹಿಂದೆ ದೊಡ್ಡ ನಗಾರಿಗಳು. ಹನ್ನೊಂದು ಕಪ್ಪು ಕೋಟುಗಳ ನಡುವೆ ಒಂದು ಕಪ್ಪು ಸೀರೆ. ಕೆಂಪು ಅಂಚನ್ನು ಅವಳು ಒಳಗೆ ಮಡಚಿಕೊಂಡಿರಲಿಲ್ಲ.

ಮೊದಲ ತುಂಡು ಮೆಲ್ಲಗೆ, ಕ್ಷಮೆ ಕೇಳುವ ಹಾಡು. ಎರಡನೆಯದು ದೇವರ ಮಹಿಮೆ, ಅದರ ಕೊನೆಗೆ ಕಹಳೆ ನಗಾರಿ ಎಲ್ಲ ಒಟ್ಟಿಗೆ ಮೊಳಗಿ ಗಕ್ಕನೆ ನಿಂತಿತು. ನಾನು ತಡೆಯಲಾರದೆ ಜೋರಾಗಿ ಚಪ್ಪಾಳೆ ಹೊಡೆದೆ. ಅಷ್ಟು ದೊಡ್ಡ ಚರ್ಚಿನಲ್ಲಿ ನನ್ನದೊಂದೇ ಚಪ್ಪಾಳೆ! ನಡುನಡುವೆ ಹೊಡೆಯಬಾರದು ಅಂತ ನನಗೇನು ಗೊತ್ತು. ಮುಂದಿನ ಸಾಲಿನವರು ಒಟ್ಟಿಗೆ ತಿರುಗಿದರು. ನಾನು ಕೈಗಳನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಕೆಳಗೆ ಇಟ್ಟುಕೊಂಡೆ. ತಲೆಯೆತ್ತಿ ನೋಡಿದರೆ ಫಿಲೋಮಿನಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾಲ್ಕು ದಿನದ ಮೇಲೆ ನನ್ನನ್ನು ನೋಡಿ ನಕ್ಕಿದ್ದು ಅದೇ ಮೊದಲು.

ಟೆನರ್ ಮೊದಲು ಹೊರಡುವ ಜಾಗ ಬಂದಾಗ ನಾನು ಉಸಿರು ಹಿಡಿದೆ. ಅವರು ಹೊರಟರು, ಒಂದೇ ದನಿಯಾಗಿ. ಆ ದನಿಯೊಳಗೆ ಅವಳದ್ದನ್ನು ನಾನು ಹುಡುಕಿ ಹಿಡಿದೆ. ಮುಗಿದ ಮೇಲೆ ಇಡೀ ಚರ್ಚು ಎದ್ದು ನಿಂತು ಚಪ್ಪಾಳೆ ತಟ್ಟಿತು, ಆಗ ನಾನು ಅಂಗೈ ಉರಿಯುವವರೆಗೆ ತಟ್ಟಿದೆ. ನಡೆಸಿದ ಹೆಂಗಸು ಟೆನರುಗಳನ್ನು ಮಾತ್ರ ಬೇರೆಯಾಗಿ ಎಬ್ಬಿಸಿದಳು. ಹನ್ನೆರಡು ಜನ ಎದ್ದು ಬಾಗಿದರು.

ಹೊರಗೆ ಬಂದಾಗ ಇನ್ನೂ ಒಳ್ಳೆ ಬಿಸಿಲು. ಟ್ರಾಮಿಗೆ ಕಾಯುತ್ತಾ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತೆವು. ಹತ್ತಿಪ್ಪತ್ತು ಜನರಿದ್ದರು. ಅವಳೇ ಮಾತು ತೆಗೆದಳು.

"ನಿಮ್ಗೆ ಬರುತ್ತಾ?"

"ಏನು?"

"ಟೆನರ್. ಆ ಮೊದಲು ಹೊರಡೋ ಸಾಲು. ಹಾಡಿ."

"ಇಲ್ಲೇನಾ? ಜನ ಇದ್ದಾರೆ ಕಣೇ."

"ಅಲ್ಲೂ ಜನ ಇದ್ರು. ನಾನು ಹಾಡ್ಲಿಲ್ವಾ? ಹಾಡಿ."

ಮೆಲ್ಲಗೆ ಹಾಡಿದೆ. ಎರಡನೇ ತಿರುವಿನಲ್ಲಿ ದನಿ ಜಾರಿತು. ಅವಳು ನನ್ನ ಮಣಿಕಟ್ಟು ಹಿಡಿದು, ಬೆರಳಿನಿಂದ ತಾಳ ಕೊಟ್ಟು, ಶಾಲೆಯ ಮಕ್ಕಳಿಗೆ ಮಗ್ಗಿ ಹೇಳಿಸುವಂತೆ ಮತ್ತೆ ಹೇಳಿಸಿದಳು. ಮತ್ತೆ ಜಾರಿತು. ಮೂರನೇ ಸಲ ಸರಿಬಂತು. ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಕಿವಿಗೆ ಹಾಕಿಕೊಂಡಿದ್ದ ಇಯರ್‌ಫೋನ್ ತೆಗೆದಳು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ನಿಲ್ಲಿಸಲು ಹೊರಟೆ.

"ನಿಲ್ಲಿಸ್ಬೇಡಿ," ಎಂದಳು. "ಹೋಗ್ತಾ ಇರಿ, ನಾನು ಬರ್ತೀನಿ."

ನಾನು ಹಾಡುತ್ತಾ ಹೋದೆ. ನಾಲ್ಕು ಸ್ವರ ಮುಂದೆ ಹೋದ ಮೇಲೆ ಅವಳು ಬಂದಳು. ನನ್ನ ಸಾಲಿನಲ್ಲಲ್ಲ, ಬೇರೆ ಸಾಲಿನಲ್ಲಿ. ಅವಳ ಬಾಯಲ್ಲಿ ನಾನೆಂದೂ ಕೇಳಿರದ ಸಾಲು. ನಾಲ್ಕು ದಿನ ಆಲ್ಟೊ ಹೆಂಗಸರ ಬೆನ್ನ ಹಿಂದೆ ಕೂತು, ತನ್ನದನ್ನು ಹಾಡುತ್ತಲೇ ಅವರದ್ದನ್ನೂ ಕಿವಿಗೆ ತುಂಬಿಕೊಂಡಿದ್ದಳು. ಅವಳ ಸಾಲು ನನ್ನದರ ಮೇಲೆ ಹತ್ತಿತು, ಪಕ್ಕಕ್ಕೆ ಸರಿಯಿತು, ಮತ್ತೆ ಹತ್ತಿರ ಬಂತು. ಅಲ್ಲಲ್ಲಿ ತಡವರಿಸಿದಳು, ಹೊಸದಲ್ಲವೇ. ನಾನು ತಡವರಿಸಲಿಲ್ಲ.

ಟ್ರಾಮ್ ಬಂದು ನಿಂತಿತು. ಬಾಗಿಲು ತೆರೆಯಿತು, ಜನ ಹತ್ತಿದರು. ಅವಳು ನನ್ನ ಮಣಿಕಟ್ಟು ಬಿಡಲಿಲ್ಲ, ಹಾಡನ್ನೂ ಬಿಡಲಿಲ್ಲ. ಡ್ರೈವರ್ ಒಂದು ಕ್ಷಣ ನಮ್ಮನ್ನು ನೋಡಿದ. ಆಮೇಲೆ ಬಾಗಿಲು ಮುಚ್ಚಿಕೊಂಡು ಟ್ರಾಮ್ ಹೊರಟುಹೋಯಿತು.